ಯಾವ ತುದಿಯಿಂದ ಓದಿದರೂ

ಜೂನ್ 3, ಸೋಮವಾರ

ಕೊನೆಗೂ ಆ ಕೆಲಸ ನನ್ನ ಕೊರಳಿಗೇ ಬಿತ್ತು.

ನಮ್ಮ ಕಂಪನಿ ಮಾಡುವುದು ಆಸ್ಪತ್ರೆಯ ಪಂಪು. ರೋಗಿಯ ನರಕ್ಕೆ ಹನಿಹನಿಯಾಗಿ ಔಷಧ ಬಿಡುವ, ಕೈಚೀಲದಷ್ಟು ದೊಡ್ಡ ಯಂತ್ರ. ಅದರೊಳಗೆ ಇಷ್ಟು ವರ್ಷ ಕೂತಿದ್ದ ಕಂಪ್ಯೂಟರ್ ಚಿಪ್ಪನ್ನು ಇನ್ನು ಮುಂದೆ ಯಾರೂ ತಯಾರಿಸುವುದಿಲ್ಲವಂತೆ. ಹೊಸ ಚಿಪ್ಪು ಬಂದು ಮೇಜಿನ ಮೇಲೆ ಕೂತಿದೆ. ಆದರೆ ನಾವು ಬರೆಯುವ ಪ್ರೋಗ್ರಾಮನ್ನು ಚಿಪ್ಪಿನ ಭಾಷೆಗೆ ತಿರುಗಿಸಿಕೊಡುವ ಕಂಪೈಲರ್ ನಮ್ಮದೇ ಮನೆಯ ಹಳೆಯ ಆಸ್ತಿ. ಅದಕ್ಕೆ ಹಳೆಯ ಚಿಪ್ಪಿನ ಭಾಷೆ ಬಿಟ್ಟು ಬೇರೆ ಗೊತ್ತಿಲ್ಲ. ಆಗಸ್ಟಿಗೆ ಹೊಸ ಪಂಪುಗಳು ಆಸ್ಪತ್ರೆ ಸೇರಬೇಕು, ಅಷ್ಟರೊಳಗೆ ನಾನು ಅದಕ್ಕೆ ಹೊಸ ಭಾಷೆ ಕಲಿಸಬೇಕು.

ಆ ಕಂಪೈಲರ್ ಬರೆದವರು ನಾವಿಬ್ಬರು. ನಾನು ಮತ್ತು ಆ ಮಹಾನುಭಾವ. ಮದುವೆಯಾದ ಹೊಸದರಲ್ಲಿ, ಇದೇ ಕಟ್ಟಡದ ಮಹಡಿಯ ಕೋಣೆಯಲ್ಲಿ, ಒಂದೇ ಮೇಜಿನ ಎರಡು ಬದಿಗೆ ಕೂತು ಬರೆದದ್ದು. ಪ್ರೋಗ್ರಾಮನ್ನು ಓದಿ ಅರ್ಥಮಾಡಿಕೊಳ್ಳುವ ಅರ್ಧ ನನ್ನದು, ಅದನ್ನು ಚಿಪ್ಪಿಗೆ ಹೇಳುವ ಅರ್ಧ ಆತನದು. ನಾಲ್ಕು ವರ್ಷದ ಹಿಂದೆ ಆತ ಕಂಪನಿಯನ್ನೂ ಮನೆಯನ್ನೂ ಒಂದೇ ವಾರದಲ್ಲಿ ಬಿಟ್ಟುಹೋದ. ಈಗ ನಾನು ಕೈಹಾಕಬೇಕಾದದ್ದು ಆತನ ಅರ್ಧಕ್ಕೆ. ಯಾರನ್ನು ನೆನೆಯಬಾರದೆಂದು ಮನೆಯ ಕುರ್ಚಿಯನ್ನೂ ಬದಲಿಸಿದೆನೋ, ಅವನ ಕೈಬರಹವನ್ನೇ ದಿನವಿಡೀ ಓದುವ ಯೋಗ.

ಮ್ಯಾನೇಜರ್ ಸಾಹೇಬರು ಕರೆದು ಹೇಳಿದರು. ಸಾಹೇಬರು ಅಂದರೆ ಒಂದು ಕಾಲದ ನಮ್ಮ ‘ಮರಿ’. ನಮ್ಮ ಕೈಕೆಳಗೇ ಕೆಲಸ ಕಲಿತವನು. ಆಗ ನನ್ನನ್ನು ಅಕ್ಕ, ಆತನನ್ನು ಭಾವ ಎನ್ನುತ್ತಿದ್ದ. ಈಗ ಗಾಜಿನ ಕೋಣೆ ಬಂದಿದೆ, ನಾನು ಮೇಡಂ ಆಗಿದ್ದೇನೆ.

“ಮೇಡಂ, ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಸರ್‌ಗೆ ಒಂದು ಫೋನ್ ಮಾಡಿ ಕೇಳ್ಬಿಡಿ. ಅದರಲ್ಲೇನಿದೆ?”

“ಅದರಲ್ಲಿ ಏನಿದೆ ಅಂತ ನಿಂಗೆ ಗೊತ್ತಾಗಲ್ಲ ಬಿಡಪ್ಪಾ. ನಾನು ಸತ್ರೂ ಮಾಡಲ್ಲ.”

ಜೂನ್ 6, ಗುರುವಾರ

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯೂ ಇದೆ. ಆತ ಎಲ್ಲಿ ಎಡವಿದ್ದಾನೆಂದು ಈಗ ಬಯಲಾಗುತ್ತದೆ.

ಚಿಪ್ಪಿನ ನೆನಪಿನ ಒಂದು ಮನೆ ಎಂದರೆ ಒಂದು ಬೈಟು, ಅದರಲ್ಲಿ ಇನ್ನೂರೈವತ್ತೈದರವರೆಗೆ ಮಾತ್ರ ಹಿಡಿಸುತ್ತದೆ. ಅದನ್ನು ಮೀರಬಹುದಾದ ಸಂಖ್ಯೆಯನ್ನು ಎರಡು ಬೈಟುಗಳಲ್ಲಿ ಒಡೆದು ಇಡಬೇಕು. ಹಳೆಯ ಚಿಪ್ಪು ನಾವು ಕಾಗದದ ಮೇಲೆ ಬರೆಯುವ ಹಾಗೆ ದೊಡ್ಡ ಭಾಗವನ್ನು ಮೊದಲಿಡುತ್ತದೆ. ಹೊಸದು ಚಿಕ್ಕ ಭಾಗವನ್ನು ಮೊದಲಿಡುತ್ತದೆ. ಎರಡರಲ್ಲೂ ತಪ್ಪಿಲ್ಲ. ಆದರೆ ಒಬ್ಬರು ಒಂದು ತುದಿಯಿಂದ ಬರೆದು ಇನ್ನೊಬ್ಬರು ಇನ್ನೊಂದು ತುದಿಯಿಂದ ಓದಿದರೆ, ಒಂದು ಎಂದು ಬರೆದದ್ದು ಇನ್ನೂರೈವತ್ತಾರು ಆಗಿ ಕೂರುತ್ತದೆ. ಔಷಧದ ಪಂಪಿನಲ್ಲಿ ಹಾಗಾದರೆ ರೋಗಿ ಎದ್ದು ದೂರು ಕೊಡುವುದಕ್ಕೂ ಉಳಿಯುವುದಿಲ್ಲ.

ಇದನ್ನು ನಾನು ಆಗಲೇ ಕೇಳಿದ್ದೆ. “ನಾಳೆ ಚಿಪ್ಪು ಬದಲಾದ್ರೆ ಏನ್ರೀ ಗತಿ?” ಎಂದಿದ್ದೆ. ಆತ ಪೆನ್ನು ಕಚ್ಚಿಕೊಂಡು ನಕ್ಕಿದ್ದ. “ನಿಂಗೆ ನಾಳೆ ಬಿಟ್ರೆ ಬೇರೆ ಯೋಚನೇನೇ ಇಲ್ಲ” ಎಂದಿದ್ದ. ಆ ನಗು ನನಗೆ ಇವತ್ತಿಗೂ ಮೈ ಉರಿಸುತ್ತದೆ.

ಕೋಡಿನ ತುಂಬ ಆ ಕ್ರಮವನ್ನು ಬೇಕಾಬಿಟ್ಟಿ ಚೆಲ್ಲಾಡಿರುತ್ತಾನೆ. ಒಂದೊಂದನ್ನೂ ಹೆಕ್ಕಿ ತೆಗೆದು, ಎಲ್ಲರ ಮುಂದೆ ಪರದೆಯ ಮೇಲೆ ತೋರಿಸುತ್ತೇನೆ.

ಜೂನ್ 11, ಮಂಗಳವಾರ

ಸಿಗಲಿಲ್ಲ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ. ಹೊರಗೆ ಹೋಗುವ ಪ್ರತಿ ಸಂಖ್ಯೆಯೂ ಒಂದೇ ಒಂದು ಬಾಗಿಲಿನಿಂದ ಹಾದುಹೋಗುತ್ತದೆ. ಯಾವ ಬೈಟು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವುದು ಅಲ್ಲಿ ಮಾತ್ರ. ಅದರ ತಲೆಯ ಮೇಲೆ ಟಿಪ್ಪಣಿ: “ಚಿಪ್ಪು ಬದಲಾದರೆ ಇಲ್ಲೊಂದು ಕಡೆ ತಿದ್ದಿದರೆ ಸಾಕು.”

ಅಂದರೆ ನನ್ನ ಮುಖದ ಮೇಲೆ ನಕ್ಕು, ಆಮೇಲೆ ಹೋಗಿ ನಾನು ಹೇಳಿದ್ದನ್ನೇ ಮಾಡಿಟ್ಟಿದ್ದಾನೆ. ಹೇಳಿದ್ದರೆ ಬಾಯಿ ಸವೆದುಹೋಗುತ್ತಿತ್ತೇ? ‘ನೀನು ಹೇಳಿದ್ದು ಸರಿ’ ಎನ್ನುವ ಮೂರು ಮಾತು. ಅಷ್ಟೊಂದು ವರ್ಷ ಒಂದೇ ಸೂರಿನ ಕೆಳಗಿದ್ದೆವು, ಆ ಮೂರು ಮಾತು ಬರಲಿಲ್ಲ.

ತಿದ್ದುವುದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಹೊಟ್ಟೆ ಉರಿಯಿತು.

ಜೂನ್ 14, ಶುಕ್ರವಾರ

ಇವತ್ತು ಒಂದು ಖಾಲಿ ಜಾಗದ ಜೊತೆ ಜಗಳ.

ಎರಡು ಬೈಟಿನ ಸಂಖ್ಯೆ ಸಮ ನಂಬರಿನ ಮನೆಯಿಂದಲೇ ಶುರುವಾಗಬೇಕು. ಅದಕ್ಕೆ ಮುಂಚೆ ಒಂಟಿ ಬೈಟು ಬಂದು ಕೂತಿದ್ದರೆ, ಪಕ್ಕದ ಒಂದು ಮನೆಯನ್ನು ಖಾಲಿ ಬಿಟ್ಟು ಮುಂದಿನ ಮನೆಗೆ ಹೋಗಬೇಕು. ಆತನ ಟಿಪ್ಪಣಿ ಅಲ್ಲೂ ಇದೆ: “ಇಲ್ಲಿ ಒಂದು ಮನೆ ಖಾಲಿ. ಕೈ ಹಚ್ಚಬೇಡ.” ಯಾರಿಗೆ ಹೇಳಿದ್ದು ಅದು? ಆ ಕೋಣೆಯಲ್ಲಿ ಇದ್ದವರೇ ಇಬ್ಬರು. ಜಾಗ ದಂಡ ಎಂದು ಯಾವಾಗಲೂ ಗೊಣಗುತ್ತಿದ್ದವಳು ನಾನು.

ಹಾಗಾಗಿ ಬೇಕೆಂದೇ ಕೈ ಹಚ್ಚಿದೆ. ಹೊಸ ಚಿಪ್ಪಿಗೆ ಬೇಕಾಗಿಲ್ಲವೇನೋ ನೋಡೋಣ ಎಂದು ಖಾಲಿ ಮನೆ ತೆಗೆದುಹಾಕಿದೆ. ಹಳೆಯ ಚಿಪ್ಪಾಗಿದ್ದರೆ ಆ ಕ್ಷಣವೇ ಕೆಂಪು ದೀಪ ಹೊತ್ತಿಸಿ ನಿಂತುಬಿಡುತ್ತಿತ್ತು. ಇದು ನಿಲ್ಲಲಿಲ್ಲ, ಕೂಗಲಿಲ್ಲ. ಪಕ್ಕದವರ ಅರ್ಧವನ್ನು ಸದ್ದಿಲ್ಲದೆ ಎಳೆದುಕೊಂಡು, ಬ್ಯಾಟರಿಯ ಮಟ್ಟವನ್ನೂ ಔಷಧದ ವೇಗವನ್ನೂ ಕಲಸಿ ಒಂದು ಅಂಕೆ ಹೇಳಿ ಸುಮ್ಮನೆ ಕೂತಿತು. ಸಂಜೆಯವರೆಗೆ ತಲೆ ಚಚ್ಚಿಕೊಂಡು, ಕೊನೆಗೆ ಖಾಲಿ ಮನೆಯನ್ನು ಇದ್ದಲ್ಲೇ ಇಟ್ಟು ಬಂದೆ. ಟಿಪ್ಪಣಿಯನ್ನೂ ಬಿಟ್ಟಿದ್ದೇನೆ. ಅಳಿಸುವುದಕ್ಕೆ ಪುರಸೊತ್ತಾಗಲಿಲ್ಲ, ಅಷ್ಟೇ.

ಕೂಗಾಡುವವರಾದರೂ ವಾಸಿ. ನಮ್ಮ ಮನೆಯಲ್ಲಿ ಕೂಗಾಟವೇ ಇರಲಿಲ್ಲ. ಹಾಗಾಗಿ ಎಲ್ಲರೂ ನಮ್ಮನ್ನು ಸುಖವಾಗಿದ್ದಾರೆ ಎಂದುಕೊಂಡಿದ್ದರು, ನಾನೂ ಸೇರಿದಂತೆ.

ಜೂನ್ 19, ಬುಧವಾರ

ಸಾಹೇಬರಿಗೆ ಅವಸರ. ಪಂಪಿನಲ್ಲಿ ಮೊದಲೇ ತುಂಬಿಟ್ಟ ಒಂದು ಪಟ್ಟಿ ಇರುತ್ತದೆ. ಇಂಥ ಔಷಧಕ್ಕೆ ಗಂಟೆಗೆ ಇಷ್ಟು ಮಿಲಿ ಎಂದು. ನರ್ಸ್ ಔಷಧದ ಹೆಸರು ಒತ್ತಿದರೆ ಸಾಕು, ವೇಗ ತಾನಾಗಿ ಬರುತ್ತದೆ. ಆ ಪಟ್ಟಿಯನ್ನು ಬರೆಯುವ ಭಾಗ ನಿಧಾನವಾಯಿತು, ಅದನ್ನು ತಾನೇ ಬೇರೆಯಾಗಿ ಬರೆದು ಸೇರಿಸುತ್ತೇನೆ ಎಂದ ಮರಿ.

“ಹಳೇ ಕಾಲದ ಕೋಡು ಮೇಡಂ. ಒಂದೊಂದು ನಂಬರೂ ಅದೇ ಬಾಗಿಲಲ್ಲಿ ಕ್ಯೂ ನಿಂತ್ಕೋಬೇಕು. ಸರ್ ಎಲ್ಲಾದಕ್ಕೂ ಹೆದರ್ತಿದ್ರು ಅನ್ಸುತ್ತೆ.” ಹೇಳಿ ಹಲ್ಲು ಕಿರಿದ.

“ಹೆದರ್ತಿದ್ದವರು ಬರೆದಿದ್ದು ಇಷ್ಟು ವರ್ಷದಲ್ಲಿ ಒಬ್ಬ ರೋಗಿಗೂ ತೊಂದರೆ ಮಾಡಿಲ್ಲ. ನೀನು ಬರೆದಿದ್ದಕ್ಕೆ ಒಂದು ವರ್ಷ ಆಗ್ಲಿ, ಆಮೇಲೆ ಮಾತಾಡು,” ಎಂದೆ. ಸ್ವಲ್ಪ ಜೋರಾಗಿಯೇ ಬಂತು. ಅಕ್ಕಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರು.

ಇದರಲ್ಲಿ ಅವರ ಪರ ವಹಿಸಿದ್ದೇನೂ ಇಲ್ಲ. ಅರ್ಧ ಕೋಡು ನನ್ನದೂ ಹೌದಲ್ಲ. ಮರಿಗೆ ಬಾಲ ಬಿಚ್ಚಲು ಬಿಟ್ಟರೆ ನಾಳೆ ನನ್ನ ಅರ್ಧಕ್ಕೂ ಮೂಗು ಮುರಿಯುತ್ತಾನೆ.

ಜೂನ್ 24, ಸೋಮವಾರ

ಪರೀಕ್ಷೆಗಳೆಲ್ಲ ಪಾಸು. ಪರದೆಯ ತುಂಬ ಹಸಿರು. ಸಾಹೇಬರು ಕೇಕು ತರಿಸಿದರು. ನನಗೆ ಹಲ್ಲುನೋವು, ತಿನ್ನಲಿಲ್ಲ.

ಜೂನ್ 30, ಭಾನುವಾರ

ಮಗಳು ಊರಿನ ಆ ತುದಿಯ ಕಾಲೇಜಿನಲ್ಲಿ ಓದುತ್ತಾಳೆ, ಹಾಸ್ಟೆಲ್ಲಿನಲ್ಲಿದ್ದಾಳೆ. ದಿನಾ ಸಂಜೆ ಫೋನು. ನಾನು ಕೇಳುವುದೂ ಅದೇ, ಅವಳು ಹೇಳುವುದೂ ಅದೇ. “ಚೆನ್ನಾಗಿದೀಯಾ?” “ಹ್ಞೂಂ.” “ಊಟ ಆಯ್ತಾ?” “ಆಯ್ತು.” “ಓದು?” “ನಡೀತಿದೆ.” ಫೋನಿಟ್ಟ ಮೇಲೆ ನೆಮ್ಮದಿ.

ಇವತ್ತು ಅವಳ ಹಿಂದೆ ನಾಯಿಯೊಂದು ಬೊಗಳಿತು. ಹಾಸ್ಟೆಲ್ಲಿನಲ್ಲಿ ನಾಯಿ ಎಲ್ಲಿಂದ ಬರಬೇಕು? ಸುಮ್ಮನೆ ಕೇಳಿದೆ, “ನಿನ್ನ ಕಿಟಕಿಯಿಂದ ಈಗ ಏನು ಕಾಣಿಸ್ತಿದೆ ಹೇಳು?”

ನಾಯಿ ಇನ್ನೊಮ್ಮೆ ಬೊಗಳಿತು.

“ಎಲ್ಲಿದೀಯೇ?”

“ಅಪ್ಪನ ಮನೇಲಿ.”

“ಯಾವಾಗಿಂದ?”

“ಪರೀಕ್ಷೆ ಶುರುವಾದಾಗಿಂದ. ಹಾಸ್ಟೆಲ್ಲಲ್ಲಿ ಜ್ವರ ಬಂದು ಮಲಗಿದ್ದೆ ಅಮ್ಮಾ, ಅಪ್ಪ ಬಂದು ಕರ್ಕೊಂಡು ಬಂದ್ರು. ನಿಂಗೆ ಹೇಳಿದ್ರೆ ಬೇಜಾರಾಗ್ತೀಯ ಅಂತ...”

“ದಿನಾ ಚೆನ್ನಾಗಿದೀನಿ ಅಂತಿದ್ದೆಯಲ್ಲೇ!”

“ಚೆನ್ನಾಗೇ ಇದೀನಲ್ಲ. ನೀನು ಕೇಳಿದ್ದು ಅಷ್ಟೇ ಅಲ್ವಾ?”

ಜ್ವರದಲ್ಲಿ ಮಲಗಿದ್ದಾಗಲೂ ‘ಹ್ಞೂಂ’, ವಾಸಿಯಾದ ಮೇಲೂ ‘ಹ್ಞೂಂ’, ಹಾಸ್ಟೆಲ್ಲಿನಲ್ಲಿದ್ದರೂ ‘ಹ್ಞೂಂ’, ಅವರ ಮನೆಯಲ್ಲಿದ್ದರೂ ‘ಹ್ಞೂಂ’. ಹೆತ್ತವಳು ನಾನು. ಜ್ವರ ಬಂದಾಗ ನೆನಪಾದದ್ದು ಅವರು. ಬೇಜಾರಲ್ಲ ಇದು, ಸಂಕಟ. ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ಅಡುಗೆಮನೆಯ ಕಪಾಟನ್ನೆಲ್ಲ ಕೆಳಗಿಳಿಸಿ ತೊಳೆದೆ.

ಜುಲೈ 1, ಸೋಮವಾರ

ಬೆಳಿಗ್ಗೆ ಹೋದವಳೇ ಆ ಹಸಿರು ಪಟ್ಟಿಯನ್ನು ತೆಗೆದು ನೋಡಿದೆ. ನಾವು ಏನು ಕೇಳಿದ್ದೆವು, ಅದು ‘ಪಾಸು’ ಎನ್ನುವುದಕ್ಕೆ?

ಔಷಧದ ಪಟ್ಟಿಯನ್ನು ಪರೀಕ್ಷಿಸಿದ ಅಂಕೆಗಳು: ಸೊನ್ನೆ. ಇನ್ನೂರೈವತ್ತೇಳು. ಐನೂರ ಹದಿನಾಲ್ಕು. ಆಮೇಲೆ ಎರಡು ಬೈಟಿನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ. ಕಾಗದದ ಮೇಲೆ ಒಂದೊಂದನ್ನೂ ಒಡೆದು ಬರೆದೆ. ಇವುಗಳಲ್ಲಿ ಎರಡು ಬೈಟೂ ಒಂದೇ. ಸೊನ್ನೆಯಲ್ಲಿ ಸೊನ್ನೆ-ಸೊನ್ನೆ, ಇನ್ನೂರೈವತ್ತೇಳರಲ್ಲಿ ಒಂದು-ಒಂದು, ಐನೂರ ಹದಿನಾಲ್ಕರಲ್ಲಿ ಎರಡು-ಎರಡು. ಯಾವ ತುದಿಯಿಂದ ಓದಿದರೂ ಅದೇ ಉತ್ತರ. ಇಂಥವನ್ನು ಕೇಳಿದರೆ ತಲೆಕೆಳಗಾಗಿ ನಿಂತವನೂ ಪಾಸಾಗುತ್ತಾನೆ.

ಮೊದಲಿನ ಪಟ್ಟಿ ಹೀಗಿರಲಿಲ್ಲ. ಅವರು ಬರೆದದ್ದರಲ್ಲಿ ಒಂದು, ಎರಡು, ಇಪ್ಪತ್ತೈದು, ಮುನ್ನೂರು, ಎಲ್ಲ ಇದ್ದವು. ಅವೆಲ್ಲ ಈಗ ಮುಚ್ಚಿಹೋಗಿವೆ. ಪಕ್ಕದಲ್ಲಿ ಮರಿಯ ಕೈಯ ಟಿಪ್ಪಣಿ: “ಹಳೆಯ ಚಿಪ್ಪಿಗೆ ಮಾತ್ರ.” ಯಾವ ಪರೀಕ್ಷೆ ಕೆಂಪಾಯಿತೋ ಅದನ್ನು ಹಳೆಯದೆಂದು ಮುಚ್ಚಿದ್ದಾನೆ. ಉಳಿದವು ಹಸಿರು. ಹಸಿರಾಗಿರಲೇಬೇಕಲ್ಲ!

ತಾನೇ ಬರೆದ ಭಾಗದಲ್ಲಿ ಅವನು ಆ ಬಾಗಿಲಿನ ಹತ್ತಿರವೂ ಸುಳಿದಿಲ್ಲ. ಔಷಧದ ಪಟ್ಟಿ ಹಳೆಯ ಕ್ರಮದಲ್ಲೇ ಹೋಗಿ ಕೂತಿದೆ. ಕೈಯಿಂದ ವೇಗ ಒತ್ತಿದರೆ ಎಲ್ಲ ಸರಿ. ಔಷಧದ ಹೆಸರು ಒತ್ತಿದರೆ ಉಲ್ಟಾ.

ಮರಿಗೆ ಹೇಳಿದೆ. “ಪಾಸಾಗಿದೆಯಲ್ಲ ಮೇಡಂ, ಸುಮ್ನೆ ಯಾಕೆ ಗಾಬರಿ ಬೀಳ್ತೀರಾ?” ಎಂದ. ಪಂಪುಗಳನ್ನು ಆಗಲೇ ಪೆಟ್ಟಿಗೆಗೆ ತುಂಬುತ್ತಿದ್ದಾರೆ.

ಜುಲೈ 3, ಬುಧವಾರ

ವಾದ ಮಾಡಿ ಪ್ರಯೋಜನವಿಲ್ಲ ಎಂದು ಮರಿಯನ್ನೂ ಅವನ ಮೇಲಿನ ದೊಡ್ಡ ಸಾಹೇಬರನ್ನೂ ವರ್ಕ್‌ಶಾಪಿಗೆ ಕರೆದೆ. ಫಿಟ್ಟರ್‌ಗೆ ಹೇಳಿ ಹೊಸ ಪಂಪಿಗೆ ಕೆಂಪು ಬಣ್ಣದ ನೀರು ತುಂಬಿಸಿದ್ದೆ. ಕೊಳವೆಯ ತುದಿಗೆ ಅಳತೆಯ ಪುಟ್ಟ ಗಾಜಿನ ಲೋಟ. ಪಟ್ಟಿಯಿಂದ ಗಂಟೆಗೆ ಒಂದು ಮಿಲಿ ಹೋಗಬೇಕಾದ ಔಷಧವನ್ನು ಆರಿಸಿ ಗುಂಡಿ ಒತ್ತಿದೆ. ಒಂದು ಹನಿ ಬಿದ್ದರೆ ಇನ್ನೊಂದು ಹನಿಗೆ ಕಾದು ಕಾದು ಕಾಲು ನೋಯಬೇಕು, ಅಷ್ಟು ನಿಧಾನ.

ತಟ್ ತಟ್ ತಟ್ ಎಂದು ಶುರುವಾಯಿತು. ನಿಲ್ಲಲೇ ಇಲ್ಲ. ಲೋಟ ನಮ್ಮ ಕಣ್ಣೆದುರೇ ಏರುತ್ತ ಹೋಯಿತು. ಪಂಪಿನ ಪರದೆಯ ಮೇಲೆ ಹಸಿರು ದೀಪ, ಎಲ್ಲ ಸರಿಯಿದೆ ಎಂದು.

ಫಿಟ್ಟರ್ ಮೂಗಿನ ಮೇಲೆ ಬೆರಳಿಟ್ಟ. “ಮೇಡಂ, ಇದು ಆಸ್ಪತ್ರೆ ಪಂಪಲ್ಲ, ತೋಟಕ್ಕೆ ನೀರು ಬಿಡೋ ಪಂಪು.”

ಯಾರೂ ನಗಲಿಲ್ಲ. ಲೋಟ ತುಂಬಿ ಕೆಂಪು ನೀರು ಬೆಂಚಿನ ಮೇಲೆ ಹರಿದು ಮರಿಯ ಷೂ ಮೇಲೆ ಬಿತ್ತು. ಅವನು ಕಾಲು ಹಿಂದೆಗೆಯಲಿಲ್ಲ, ಹಾಗೇ ನಿಂತಿದ್ದ. ದೊಡ್ಡ ಸಾಹೇಬರು ಹೊರಗೆ ಹೋಗಿ ಗೋದಾಮಿಗೆ ಫೋನ್ ಮಾಡಿದರು. ಪಂಪುಗಳು ನಿಂತವು.

ಯಾರಾದರೂ ಬೆನ್ನು ತಟ್ಟುತ್ತಾರೇನೋ ಎಂದುಕೊಂಡಿದ್ದೆ. ಫಿಟ್ಟರ್ ಒಬ್ಬನೇ ಟೀ ತಂದುಕೊಟ್ಟ. ಅದರಲ್ಲೂ ಸಕ್ಕರೆ ಇರಲಿಲ್ಲ.

ಜುಲೈ 9, ಮಂಗಳವಾರ

ಇವತ್ತು ಮರಿ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತ.

“ಅಕ್ಕಾ,” ಎಂದ.

ಎಷ್ಟೋ ವರ್ಷದ ಮೇಲೆ ಆ ಮಾತು. ಅಲ್ಲೇ ನನಗೆ ಅನುಮಾನ ಬಂತು.

ಪಂಪುಗಳು ಏಕೆ ತಡವಾಗುತ್ತವೆ ಎಂದು ಆಸ್ಪತ್ರೆಗಳಿಗೆಲ್ಲ ವರದಿ ಕಳಿಸಬೇಕಂತೆ. ಅವನೇ ಕರಡು ಮಾಡಿಕೊಂಡು ಬಂದಿದ್ದ. ಹಳೆಯ ಕಂಪೈಲರ್ ಬರೆದವರು ಬೈಟುಗಳ ಕ್ರಮವನ್ನು ಸರಿಯಾಗಿ ನೋಡಿಕೊಳ್ಳದ್ದರಿಂದ ಹೀಗಾಯಿತು ಎಂದು ಅದರಲ್ಲಿದೆ. ಅವರ ಹೆಸರೂ ಇದೆ. ಕೆಳಗೆ, ಸಹಿ ಮಾಡುವ ಜಾಗದಲ್ಲಿ, ನನ್ನ ಹೆಸರು ಟೈಪ್ ಆಗಿದೆ.

“ಅವ್ರು ಕಂಪನಿ ಬಿಟ್ಟು ಹೋಗಿದಾರೆ, ಅವ್ರಿಗೇನೂ ಆಗಲ್ಲ. ನಂಗೆ ಚಿಕ್ಕ ಮಕ್ಕಳಿದಾರೆ ಅಕ್ಕಾ. ನೀವು ಬರೆದ್ರೆ ಎಲ್ರೂ ನಂಬ್ತಾರೆ. ಮತ್ತೆ... ಅವ್ರು ನಿಮಗೆ ಮಾಡಿದ್ದು ನಂಗೊತ್ತಿಲ್ವಾ?”

ಏನೂ ಆಗುವುದಿಲ್ಲವಂತೆ! ಅವರು ಈಗ ಇರುವುದೂ ಇಂಥ ಯಂತ್ರಗಳನ್ನೇ ಮಾಡುವ ಕಡೆ. ಇಂಥ ವರದಿಯಲ್ಲಿ ಹೆಸರು ಬಂದರೆ ಯಾವ ಕಂಪನಿಯೂ ಹೊಸಿಲು ತುಳಿಸುವುದಿಲ್ಲ. ಒಂದು ಸಹಿ. ನಾಲ್ಕು ವರ್ಷದ ಉರಿ ಒಂದು ಗೆರೆಯಲ್ಲಿ ತೀರುತ್ತದೆ. ಜೂನ್ ತಿಂಗಳಲ್ಲಿ ನಾನೇ ಇದಕ್ಕೆ ಹಾತೊರೆದು ಕೂತಿದ್ದೆ.

“ನೋಡ್ತೀನಿ, ಇಟ್ಟು ಹೋಗು” ಎಂದೆ. ಇಟ್ಟುಹೋದ.

ಜುಲೈ 12, ಶುಕ್ರವಾರ

ಸಹಿ ಮಾಡಲಿಲ್ಲ. ಬಾಗಿಲು ಎಲ್ಲಿದೆ, ಯಾರು ಅದನ್ನು ಬಳಸಲಿಲ್ಲ, ಯಾವ ಪರೀಕ್ಷೆಗಳನ್ನು ಯಾವ ದಿನ ಮುಚ್ಚಲಾಯಿತು, ಎಲ್ಲ ಬರೆದು ದೊಡ್ಡ ಸಾಹೇಬರ ಕೈಗೆ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

“ನಿಮಗೂ ಅವ್ರಿಗೂ ಇದ್ದ ಸಂಬಂಧ ಎಲ್ರಿಗೂ ಗೊತ್ತಲ್ಲಮ್ಮಾ. ಗಂಡನ್ನ ಉಳಿಸೋಕೆ ಬರೆದಿದಾರೆ ಅಂತಾರೆ.”

“ಅವ್ರು ನನ್ನ ಗಂಡ ಅಲ್ಲ ಸಾರ್ ಈಗ.”

“ಅದೂ ಗೊತ್ತು.”

ಕೊನೆಗೆ ಆಸ್ಪತ್ರೆಗಳಿಗೆ ‘ತಾಂತ್ರಿಕ ಕಾರಣ’ ಎಂದು ಎರಡೇ ಪದ ಹೋಯಿತು. ಯಾರ ತಲೆಯ ಮೇಲೂ ಗೂಬೆ ಕೂರಲಿಲ್ಲ. ಮರಿ ಗಾಜಿನ ಕೋಣೆಯಲ್ಲೇ ಇದ್ದಾನೆ. ನನ್ನನ್ನು ಮುಂದಿನ ವಾರದಿಂದ ಕೆಳಮಹಡಿಗೆ ಹಾಕಿದ್ದಾರೆ, ಪಂಪಿನ ಜೊತೆ ಕೊಡುವ ಕೈಪಿಡಿ ಬರೆಯುವ ವಿಭಾಗಕ್ಕೆ. ವಿಶ್ರಾಂತಿ ಸಿಗಲಿ ಎಂದಂತೆ. ಕಂಪೈಲರ್ ಇನ್ನು ಮುಂದೆ ಮರಿಯ ಕೈಗೆ.

ಹೋಗುವ ಮುಂಚೆ ಔಷಧದ ಪಟ್ಟಿಯನ್ನು ಮತ್ತೆ ಇವರ ಬಾಗಿಲಿನಿಂದಲೇ ಹೋಗುವಂತೆ ಜೋಡಿಸಿದೆ. ಮುಚ್ಚಿದ್ದ ಪರೀಕ್ಷೆಗಳನ್ನೆಲ್ಲ ತೆರೆದೆ. ಒಂದು, ಎರಡು, ಇಪ್ಪತ್ತೈದು, ಮುನ್ನೂರು. ಒಂದೊಂದಾಗಿ ಹಸಿರಾದವು. ಈ ಸಲದ ಹಸಿರು ನಿಜವಾದದ್ದು. ನೋಡುವುದಕ್ಕೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಖಾಲಿ ಮನೆಯ ಆ ಟಿಪ್ಪಣಿಯನ್ನು ಮರಿ ಅಳಿಸದಂತೆ ಅದಕ್ಕೊಂದು ಬೀಗವನ್ನೂ ಹಾಕಿ ಬಂದೆ. ಕೋಡಿನ ಒಳ್ಳೆಯದಕ್ಕೆ.

ಜುಲೈ 20, ಶನಿವಾರ

ನಾಲ್ಕು ವರ್ಷದ ಮೇಲೆ ಇವರ ಫೋನು ಬಂತು. ಹೆಸರು ಪರದೆಯ ಮೇಲೆ ಕಂಡಾಗ ಒದ್ದೆ ಕೈ ಒರೆಸಿಕೊಳ್ಳದೆಯೇ ಎತ್ತಿಕೊಂಡೆ. ವಿಷಯ ಗೊತ್ತಾಗಿರಬೇಕು, ಏನಾದರೂ ಹೇಳುತ್ತಾರೆ ಎಂದುಕೊಂಡೆ. ಕಂಪೈಲರ್ ಇನ್ನೂ ಓಡ್ತಿದೆ, ನೀವು ಬರೆದಿದ್ದ ಬಾಗಿಲು ನೋಡಿದೆ, ಎಂದು ನಾನೂ ಒಂದು ಮಾತು ಹೇಳಬಹುದೇನೋ ಎಂದು ಬಾಯಿಯವರೆಗೆ ಬಂದಿತ್ತು.

“ಆ ಕರಡು ನೋಡಿದೆ,” ಎಂದರು. ಯಾರೋ ಕಳಿಸಿದ್ದಾರೆ. ಯಾರೆಂದು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. “ಕೆಳಗೆ ನಿನ್ನ ಹೆಸರಿತ್ತು.”

ಒದ್ದೆ ಕೈಯನ್ನು ಈಗ ಬಟ್ಟೆಗೆ ಒರೆಸಿಕೊಂಡೆ.

“ನೀನೇ ಬರೆದಿದ್ದಲ್ವಾ?”

“ಸಹಿ ನೋಡಿದ್ರಾ?”

“ಸಹಿ ಯಾಕೆ ಬೇಕು? ನಿನ್ನ ನಾನು ನೋಡಿಲ್ವಾ ಇಷ್ಟು ವರ್ಷ? ಹೌದು ತಾನೇ?”

ಎಲ್ಲ ಹೇಳಬಹುದಿತ್ತು. ಕೆಂಪು ನೀರು, ಮರಿಯ ಷೂ, ಕೆಳಮಹಡಿಯ ಕಿಟಕಿಯಿಲ್ಲದ ನನ್ನ ಹೊಸ ಮೇಜು, ಎಲ್ಲ. ಹೇಳಿದ್ದರೆ ಪುರಾವೆ ಕೇಳುತ್ತಿದ್ದರು. ಪುರಾವೆಯೂ ನನ್ನ ಹತ್ತಿರ ಇತ್ತು. ಆದರೆ ಪುರಾವೆ ಕೊಟ್ಟು ನಂಬಿಸಬೇಕಾದವರ ಹತ್ತಿರ ನನಗೆ ಇನ್ನೇನು ಕೆಲಸ? ಅವರ ಪ್ರಶ್ನೆಗೆ ನಾನು ಹೌದೆಂದರೂ ಇಲ್ಲವೆಂದರೂ ಅವರಿಗೆ ಕೇಳಿಸುತ್ತಿದ್ದುದು ಒಂದೇ.

“ನಿಮಗೆ ಏನನ್ಸುತ್ತೋ ಅದೇ,” ಎಂದೆ.

“ಗೊತ್ತಿತ್ತು,” ಎಂದು ಇಟ್ಟುಬಿಟ್ಟರು.

ಅನ್ನ ಬಡಿಸಿಕೊಂಡಿದ್ದೆ, ಹಾಗೇ ಆರಿಹೋಯಿತು. ಮುಚ್ಚಿಟ್ಟೆ. ಕೈಪಿಡಿಯ ಮೊದಲ ಪುಟ ಸೋಮವಾರ ಕೊಡಬೇಕು, ಅದನ್ನಾದರೂ ಮುಗಿಸೋಣವೆಂದು ಕೂತರೆ ಒಂದು ಸಾಲೂ ಬರಲಿಲ್ಲ.

ಸಂಜೆ ಮಗಳ ಫೋನು. ಅವಳಿಗೆ ಏನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

“ಚೆನ್ನಾಗಿದೀಯಾ ಅಮ್ಮಾ?”

“ಹ್ಞೂಂ.”

“ಊಟ ಆಯ್ತಾ?”

“ಆಯ್ತು.”